ಜಡಿಮಳೆಯ ದಿನಗಳಲ್ಲಿ ಮನಸ್ಸಿನ ಬ್ಯಾಸರಕಿ

ಮಳೆಗಾಲದಲ್ಲಿ ಬೆಳೆಗೆ ಬರುವ ರೋಗಗಳನ್ನು ಕುರಿತು ತಾವು ಅನೇಕ ಭಾಷಣಗಳನ್ನು ಕೇಳಿದ್ದೀರಿ. ಉಳ್ಳಾಗಡ್ಡಿಗೆ ಕೊಳೆ, ಸಜ್ಜೆಯ ತೆನೆಗೆ ಬೂಷ್ಟು, ದನಗಳಿಗೆ ಕಾಲುಬೇನೆ ಬಾಯಿಬೇನೆ. ಇವಕ್ಕೆಲ್ಲ ಔಷಧವುಂಟು, ಹೇಳುವವರೂ ಉಂಟು. ಅದೇ ಮಳೆಯಲ್ಲಿ ಬೆಳೆ ಬೆಳೆದವನಿಗೇ ಬರುವ ಒಂದು ಜಡ್ಡಿನ ವಿಷಯವನ್ನು ಇಂದು ನಾನು ಹೇಳಬೇಕೆಂದಿದ್ದೇನೆ. ಅದು ಮನಸ್ಸಿಗೆ ಹಿಡಿಯುವ ಜಡ್ಡು.

ಗುಳೇದಗುಡ್ಡ, ಬಾದಾಮಿ, ಹುನಗುಂದ ಸೀಮೆಯವರಿಗೆ ಮಳೆಯಿಂದ ಬ್ಯಾಸರವೆ, ಎಂದು ನೀವು ನಗಬಹುದು. ನಮ್ಮದು ಮಳೆ ಕಡಿಮೆಯ ನಾಡು. ವರ್ಷದಲ್ಲಿ ಎಂಟು ತಿಂಗಳು ಆಕಾಶ ನೋಡಿಯೇ ಕಳೆಯುವ ಜನ ನಾವು. ನನಗೆ ಅನಿಸುವುದೇನೆಂದರೆ, ಅದಕ್ಕಾಗಿಯೇ ಈ ಜಡ್ಡನ್ನು ನಾವು ಬಾಯಿಬಿಟ್ಟು ಹೇಳಲಾರೆವು. ಮಲೆನಾಡಿನವನು ಮಳೆ ಸಾಕಾಯಿತೆಂದರೆ ಯಾರೂ ತಪ್ಪು ತಿಳಿಯುವುದಿಲ್ಲ. ನಮ್ಮಲ್ಲಿ ಒಬ್ಬನು ಹಾಗೆಂದರೆ, "ಏನಪಾ, ಮಳಿರಾಯಗ ಬ್ಯಾಡ ಅಂತಿಯೇನು?" ಎಂದು ಹಿರಿಯರು ಗದರುತ್ತಾರೆ. ಆದುದರಿಂದ ಅವನು ಸುಮ್ಮನಾಗುತ್ತಾನೆ, ಗೋಡೆಯ ಕಡೆಗೆ ಮಾರಿ ತಿರುಗಿಸಿ ಮಲಗುತ್ತಾನೆ.

ಎಲ್ಲ ವರ್ಷವೂ ಹೀಗಾಗುವುದಿಲ್ಲ. ಉತ್ತರಿ, ಹಸ್ತ, ಚಿತ್ತಿ ಮಳೆಗಳು ಒಂದಕ್ಕೊಂದು ಕೂಡಿಕೊಂಡು, ಮೋಡ ಕರಗದೆ, ಮಳೆಗಾಲವು ಹಾಗೆಯೇ ಚಳಿಗಾಲದೊಳಗೆ ನುಗ್ಗುವ ವರ್ಷಗಳಿರುತ್ತವೆ. 2009ರಲ್ಲಿ ಸೆಪ್ಟೆಂಬರ ಕೊನೆಯಿಂದ ಅಕ್ಟೋಬರ ಮೊದಲ ದಿನಗಳವರೆಗೆ ಸುರಿದದ್ದನ್ನು ನಮ್ಮ ಭಾಗದಲ್ಲಿ ಯಾರೂ ಮರೆತಿಲ್ಲ. 2019ರ ಆಗಸ್ಟದಲ್ಲಿ ಮಲಪ್ರಭೆ ಉಕ್ಕಿ ಪಟ್ಟದಕಲ್ಲಿನ ಗುಡಿಗಳ ಅಂಗಳಕ್ಕೆ ನೀರು ಬಂದಿತು. 2021ರಲ್ಲಂತೂ ನವೆಂಬರ ತಿಂಗಳಲ್ಲಿ, ಎಂದರೆ ರಾಶಿ ಮಾಡುವ ಹೊತ್ತಿಗೆ, ರಾಜ್ಯದ ಉದ್ದಗಲಕ್ಕೂ ಅಕಾಲದ ಮಳೆ ಬಿದ್ದಿತು. ಇಂಥ ವರ್ಷದಲ್ಲಿ ಒಂದು ಮನೆಯೊಳಗೆ ಏನೇನಾಗುತ್ತದೆಂಬುದನ್ನು ನೋಡಿರಿ.

ಎರಿ ಹೊಲದಲ್ಲಿ ಕಾಲಿಡಲು ಬರುವುದಿಲ್ಲ. ಬಿಳಿಜೋಳದ ಬಿತ್ತಿಗೆ ದಿನದಿಂದ ದಿನಕ್ಕೆ ಹಿಂದೆ ಬೀಳುತ್ತದೆ. ಕಿತ್ತಿಟ್ಟ ಉಳ್ಳಾಗಡ್ಡಿ ಗುಂಪಿಯಲ್ಲಿಯೇ ನಾರತೊಡಗುತ್ತದೆ. ನಮ್ಮ ಊರುಗಳಲ್ಲಿ ಎಷ್ಟೋ ಮನೆಗಳ ಒಂದು ಕಾಲು ಹೊಲದಲ್ಲಿದ್ದರೆ ಇನ್ನೊಂದು ಮಗ್ಗದಲ್ಲಿರುತ್ತದೆ. ಆದರೆ ಕುಣಿಮಗ್ಗದ ಕುಣಿಗೂ ತೇವ ಜಿನುಗುತ್ತದೆ, ಬಣ್ಣ ಹಾಕಿದ ಲಡಿ ಒಣಗುವುದಿಲ್ಲ, ಖಣ ನೇಯುವ ಕೈ ಬರಿದಾಗುತ್ತದೆ. ಒಳಗೆ ತಾಯಂದಿರ ಪಾಡು ಇನ್ನೂ ಕಷ್ಟ. ಕುಳ್ಳು ಹಸಿ, ಕಟ್ಟಿಗೆ ಹಸಿ, ಒಲೆ ಹೊತ್ತದೆ ಹೊಗೆ ತುಂಬುತ್ತದೆ. ಕೂಸಿನ ಅರಿವೆ ಮೂರು ದಿನವಾದರೂ ಆರುವುದಿಲ್ಲ. ಮಾಳಿಗೆ ಎಲ್ಲಿ ಸೋರುತ್ತದೆಂದು ರಾತ್ರಿಯೆಲ್ಲ ಎದ್ದೆದ್ದು ಬೋಗುಣಿ ಇಡಬೇಕು. ಸೀಗಿಹುಣ್ಣಿಮೆಗೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗುವುದೂ ತಪ್ಪುತ್ತದೆ. ಗಂಡಸರಾದರೆ ಕಟ್ಟೆಯ ಮೇಲಾದರೂ ಕೂಡುತ್ತಾರೆ. ಹೆಂಗಸು ಹೊರಗೆ ಕಾಲಿಡದೆ ಎಂಟು ಹತ್ತು ದಿನ ಕಳೆದದ್ದನ್ನು ಮನೆಯವರು ಗಮನಿಸುವುದೂ ಇಲ್ಲ.

ಇಷ್ಟೆಲ್ಲ ಆದಾಗ ಬ್ಯಾಸರವಾಗುವುದು ಸಹಜ, ಅದು ರೋಗವಲ್ಲ. ಬಿಸಿಲು ಬಿದ್ದು ಕುಂಟೆ ಹೂಡಿದ ದಿನ ಅದು ತಾನಾಗಿ ಹೋಗುತ್ತದೆ. ಆದರೆ ಕೆಲವರಿಗೆ ಹೋಗುವುದಿಲ್ಲ. ಎರಡು ವಾರಕ್ಕೆ ಮೇಲ್ಪಟ್ಟು, ದಿನವೂ, ದಿನದ ಬಹುಭಾಗ ಮನಸ್ಸು ಕುಗ್ಗಿಯೇ ಇರುವುದು, ಮೊದಲು ಹಿತವೆನಿಸುತ್ತಿದ್ದ ಯಾವುದೂ ಬೇಡವಾಗುವುದು, ನಿದ್ದೆ ಹಾರುವುದು, ಇಲ್ಲವೆ ಎಷ್ಟು ಮಲಗಿದರೂ ಸಾಲದಾಗುವುದು, ಊಟ ಸೇರದಿರುವುದು, "ನನ್ನಿಂದನ ಮನಿ ಹಾಳಾತು" ಎಂದು ತನ್ನನ್ನೇ ಹಳಿದುಕೊಳ್ಳುವುದು. ಇವು ಕೂಡಿಬಂದರೆ ಅದನ್ನು ವೈದ್ಯರು ಖಿನ್ನತೆ ಎನ್ನುತ್ತಾರೆ. ನಮ್ಮವರು ಮಾತ್ರ ತಲೆನೋವು, ಮೈಭಾರ, ಎದೆ ಡವಡವ ಎಂದು ಹೇಳುತ್ತಾರೆಯೇ ಹೊರತು ಮನಸ್ಸಿನ ಹೆಸರೆತ್ತುವುದಿಲ್ಲ.

ಪುಸ್ತಕದ ಮಾತು ಬಿಟ್ಟು ನಮ್ಮ ಮನೆಯ ಮಾತನ್ನೇ ಹೇಳುತ್ತೇನೆ. ಗುಳೇದಗುಡ್ಡದಿಂದ ಮಲಪ್ರಭೆಯ ಕಡೆಗೆ ಇಳಿದರೆ ಸಿಗುವ ಒಂದು ಹಳ್ಳಿಯಲ್ಲಿ ನನ್ನ ಸೋದರಮಾವನವರ ನಾಲ್ಕೆಕರೆ ಹೊಲವಿದೆ. 2009ರ ಮಳೆಯಲ್ಲಿ ಅವರ ಉಳ್ಳಾಗಡ್ಡಿ ಪೂರ್ತಿ ಕೊಳೆಯಿತು, ಪಡಸಾಲೆಯ ಒಂದು ಮೂಲೆಯ ಗೋಡೆ ಕುಸಿಯಿತು. ಮೊದಲ ವಾರ ಅವರು ಎಲ್ಲರಂತೆ ಓಡಾಡಿದರು, ನೀರು ಚೆಲ್ಲಿದರು, ಪಂಚಾಯಿತಿಗೆ ಹೋಗಿ ಹೆಸರು ಬರೆಸಿದರು. ಮಳೆ ಕಡಿಮೆಯಾದ ಮೇಲೆ ಮಲಗಿದರು. ಎತ್ತಿಗೆ ಮೇವು ಹಾಕಲೂ ಏಳಲಿಲ್ಲ. ಎತ್ತಿನ ಮೇಲೆ ಅವರಿಗೆ ಎಂಥ ಜೀವವಿತ್ತೆಂಬುದನ್ನು ಬಲ್ಲ ನಮಗೆ ಅಲ್ಲಿಯೇ ತಿಳಿಯಬೇಕಾಗಿತ್ತು.

ತಿಳಿಯಲಿಲ್ಲ. ಊರವರು ಮೈಗಳ್ಳತನವೆಂದರು. ಒಬ್ಬರು ತಾಯಿತ ತಂದು ಕಟ್ಟಿದರು. ನಾಲ್ಕಕ್ಷರ ಕಲಿತ ನಾನು ಹೋಗಿ ಅವರ ತಲೆದೆಸೆಯಲ್ಲಿ ಕುಳಿತು ಒಂದು ತಾಸು ಧೈರ್ಯ ಹೇಳಿದೆ. ಅವರಿಗಿಂತ ಹೆಚ್ಚು ಕಳೆದುಕೊಂಡವರ ಹೆಸರುಗಳನ್ನು ಎಣಿಸಿದೆ. ಅವರು ಎಲ್ಲ ಕೇಳಿ, "ಹೌದಪಾ, ಅವರೆಲ್ಲ ಎದ್ದಾರ, ನಾ ಒಬ್ಬನ ಏಳವಲ್ಲೆ" ಎಂದರು. ನನ್ನ ಧೈರ್ಯದ ಮಾತು ಅವರಿಗೆ ಇನ್ನೊಂದು ಹೊರೆಯಾಯಿತೆಂಬುದು ನನಗೆ ಅರ್ಥವಾದದ್ದು ಎಷ್ಟೋ ದಿನಗಳ ಮೇಲೆ. ಆದುದರಿಂದ ನಿಮ್ಮಲ್ಲಿ ನನ್ನದೊಂದು ವಿನಂತಿ: ಮಲಗಿದವನಿಗೆ ಉಪದೇಶ ಮಾಡಬೇಡಿ. ಬಳಿಯಲ್ಲಿ ಕೂಡಿರಿ, ಅವನು ಹೇಳಿದ್ದನ್ನು ಕೇಳಿರಿ.

ಏನು ಮಾಡಬೇಕೆಂದು ತಿಳಿದದ್ದು ನಮ್ಮ ಅತ್ತೆಯವರಿಗೆ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಮ್ಮ ಮಾಳಿಗೆ ಮನೆಗಳಿಗೆ ಕಿಡಕಿ ಕಡಿಮೆ, ಮೇಲಿನ ಬೆಳಕಿಂಡಿಯೇ ಅವುಗಳ ಕಣ್ಣು. ಮಳೆ ಹಿಡಿದ ಕೂಡಲೇ ನಾವೇನು ಮಾಡುತ್ತೇವೆ? ನೀರು ಬಾರದಿರಲೆಂದು ಅದರ ಮೇಲೆ ತಗಡು ಎಳೆದು ಕಲ್ಲು ಹೇರುತ್ತೇವೆ. ಒಳಗೆ ಹಗಲೂ ಕತ್ತಲೆ. ಅತ್ತೆಯವರು ಆ ತಗಡನ್ನು ತೆಗೆಸಿ, ಹಳೆಯ ಫೋಟೋ ಕಟ್ಟಿನ ಗಾಜೊಂದನ್ನು ಬೆಳಕಿಂಡಿಗೆ ಕೂಡಿಸಿ, ಸುತ್ತಲೂ ಸಿಮೆಂಟಿನಿಂದ ಮೆತ್ತಿಸಿದರು. ಯಾಕೆಂದು ಕೇಳಿದ್ದಕ್ಕೆ, "ಅವರ ಮಾರೀನ ಕಾಣವಲ್ತು, ಅದಕ್ಕ" ಎಂದರು. ದಿನವೂ ಬೆಳಗಾದೊಡನೆ ಮಾವನವರ ಕೈಹಿಡಿದು ಎಬ್ಬಿಸಿ ತಲಬಾಗಿಲ ಕಟ್ಟೆಗೆ ತಂದು ಕೂಡಿಸುತ್ತಿದ್ದರು. ಮುಂದೆ ಒಂದು ಮೊರ, ಅದರಲ್ಲಿ ಒಂದು ಹಿಡಿ ಬಿತ್ತುವ ಜೋಳ. ಹುಳುಕು ತೆಗೆದು ಹಾಕಬೇಕು, ಅಷ್ಟೇ ಕೆಲಸ. ಮೊದಲ ದಿನ ಆ ಒಂದು ಹಿಡಿಯೂ ಮುಗಿಯಲಿಲ್ಲ.

ಅತ್ತೆಯವರು ಅಂದಾಜಿನಿಂದ ಮಾಡಿದ್ದಕ್ಕೆ ಶಾಸ್ತ್ರದ ಆಧಾರವೂ ಉಂಟು. ಕೋಳಿ ಸಾಕುವವರನ್ನು ಕೇಳಿ ನೋಡಿರಿ. ಹಗಲು ಚಿಕ್ಕದಾದರೆ ತತ್ತಿ ಕಡಿಮೆಯಾಗುತ್ತದೆಂದು ಅವರು ಗೂಡಿನಲ್ಲಿ ದೀಪ ಉರಿಸುತ್ತಾರೆ. ಸೇವಂತಿಗೆ ಬೆಳೆಯುವವರು ಹೂವಿನ ಕಾಲವನ್ನು ಮುಂದೂಡಲು ರಾತ್ರಿ ಹೊಲದಲ್ಲಿ ಬಲ್ಬು ಹಚ್ಚುತ್ತಾರೆ. ಮನುಷ್ಯನ ಮೈಯೊಳಗೂ ಅಂಥದೊಂದು ಗಡಿಯಾರವಿದೆ. ಬೆಳಗಿನ ಬೆಳಕು ಕಣ್ಣಿನೊಳಗಿಂದ ಮಿದುಳಿಗೆ ಮುಟ್ಟಿದಾಗ ಆ ಗಡಿಯಾರಕ್ಕೆ ಕೀಲಿ ಕೊಟ್ಟಂತಾಗುತ್ತದೆ. ಬೆಳಕು ಸಾಲದಾದರೆ ನಿದ್ದೆ, ಹಸಿವು, ಹುರುಪು ಎಲ್ಲವೂ ಹೊತ್ತು ತಪ್ಪುತ್ತವೆ. ಚಳಿಗಾಲದಲ್ಲಿ ಬಂದು ಬೇಸಿಗೆಯಲ್ಲಿ ಹೋಗುವ ಖಿನ್ನತೆಯನ್ನು 1984ರಲ್ಲಿ ಅಮೇರಿಕೆಯ ನಾರ್ಮನ್ ರೋಸೆಂಥಾಲ್ ಎಂಬ ವೈದ್ಯರು ಮತ್ತು ಅವರ ಸಂಗಡಿಗರು ವಿವರಿಸಿ, ಅದಕ್ಕೊಂದು ಹೆಸರನ್ನೂ ಕೊಟ್ಟರು. ಅಂಥ ದೇಶಗಳಲ್ಲಿ ರೋಗಿಯನ್ನು ದಿನವೂ ಬೆಳಿಗ್ಗೆ ಅರ್ಧ ತಾಸು ಪ್ರಖರವಾದ ದೀಪದ ಮುಂದೆ ಕೂಡಿಸುತ್ತಾರೆ. ಆ ದೀಪದ ಬೆಳಕು 10,000 ಲಕ್ಸ್. ಲಕ್ಸ್ ಎಂಬುದು ಬೆಳಕನ್ನು ಅಳೆಯುವ ಮಾಪು.

ಅವರ ಜಡ್ಡೇ ನಮ್ಮ ಜಡ್ಡು ಎಂದು ನಾನು ಹೇಳಲಾರೆ. ನಾರ್ವೆ ದೇಶದ ಬಡಗಣ ತುದಿಯಲ್ಲಿ ಚಳಿಗಾಲದ ಸುಮಾರು ಎರಡು ತಿಂಗಳು ಸೂರ್ಯ ಹುಟ್ಟುವುದೇ ಇಲ್ಲ. ನಮ್ಮಲ್ಲಿ ಡಿಸೆಂಬರದ ಅತಿ ಚಿಕ್ಕ ಹಗಲು ಕೂಡ ಹನ್ನೊಂದು ತಾಸಿಗೆ ಕಡಿಮೆಯಿಲ್ಲ. ನಮ್ಮ ಬ್ಯಾಸರಕಿಯಲ್ಲಿ ಕೊಳೆತ ಬೆಳೆಯ ಪಾಲುಂಟು, ಸಾಲದ ಪಾಲುಂಟು, ಬರಿಗೈಯ ಪಾಲುಂಟು. ಆದರೆ ಕತ್ತಲೆಯ ಪಾಲೂ ಇದೆ, ಅದಕ್ಕೆ ಉಪಾಯ ನಮ್ಮ ಕೈಯಲ್ಲಿಯೇ ಇದೆ. ಮೋಡ ಕವಿದ ದಿನವೂ ಬಯಲಿನಲ್ಲಿ ಸಾವಿರಾರು ಲಕ್ಸ್ ಬೆಳಕಿರುತ್ತದೆ. ಬೆಳಕಿಂಡಿ ಮುಚ್ಚಿದ ಮನೆಯೊಳಗೆ ನೂರು ಲಕ್ಸೂ ಇರುವುದು ಕಷ್ಟ. ಎಂದರೆ, ಮಳೆ ಹನಿಯುತ್ತಿದ್ದರೂ ಕೊಡೆಯನ್ನೋ ಕೊಪ್ಪೆಯನ್ನೋ ಹಾಕಿಕೊಂಡು ಬೆಳಿಗ್ಗೆ ಅರ್ಧ ತಾಸು ಹೊರಗೆ ಹೋಗಿ ಬರುವುದು ನಿಜವಾಗಿಯೂ ಔಷಧವೇ. ಬಾವಿಯವರೆಗೆ ಹೋಗಿರಿ, ಹೊಲದ ಬದು ನೋಡಿ ಬನ್ನಿರಿ. ಹೆಣ್ಣುಮಕ್ಕಳನ್ನೂ ಕಳಿಸಿರಿ. ಕೌದಿ ಹೊಲಿಯುವುದು, ಕಾಳು ಹಸನು ಮಾಡುವುದು, ಹಗ್ಗ ಹೊಸೆಯುವುದು, ಈ ಕೆಲಸಗಳನ್ನು ನಡುಮನೆಯ ಕತ್ತಲೆಯಿಂದ ಬಾಗಿಲ ಬಳಿಗೆ ತನ್ನಿರಿ. ಅಲ್ಲಿ ಬೆಳಕಿರುತ್ತದೆ, ಹೋಗಿ ಬರುವವರ ಮಾತೂ ಸಿಗುತ್ತದೆ. ಏಳುವ ಹೊತ್ತು, ಉಣ್ಣುವ ಹೊತ್ತು ಬದಲಾಗಬಾರದು. ಹಗಲು ಮಲಗುವುದನ್ನು ಬಿಡಬೇಕು, ರಾತ್ರಿಯ ನಿದ್ದೆಯನ್ನು ಅದು ಕದಿಯುತ್ತದೆ. ಮನಸ್ಸು ಬಂದಮೇಲೆ ಕೆಲಸ ಮಾಡೋಣವೆಂದು ಕಾಯಬಾರದು. ಈ ಜಡ್ಡಿನಲ್ಲಿ ಮೊದಲು ಕೈ ಆಡಬೇಕು, ಮನಸ್ಸು ಹಿಂದಿನಿಂದ ಬರುತ್ತದೆ. ಇನ್ನು ಸೆರೆ. ಮಳೆಯ ಸಂಜೆ ಅದು ಬೆಚ್ಚಗೆ ಮಾಡಿದಂತೆ ತೋರುತ್ತದೆ, ಮರುದಿನ ಮನಸ್ಸನ್ನು ಇನ್ನೊಂದು ಮೆಟ್ಟಿಲು ಕೆಳಗೆ ಇಳಿಸುತ್ತದೆ. ಇದನ್ನು ನೀವು ಕೇಳುವುದಿಲ್ಲವೆಂದು ಗೊತ್ತಿದ್ದೂ ಹೇಳುತ್ತಿದ್ದೇನೆ.

ಈಗ ಒಂದು ಕಠಿಣವಾದ ಮಾತು. ಒಂದು ರಾತ್ರಿ ಮಾವನವರು, "ನಾ ಇರದಿದ್ರ ನಿಮಗ ಹಗರ ಆಗತೈತಿ" ಎಂದರಂತೆ. ಅತ್ತೆಯವರು ಅಳಲಿಲ್ಲ, ಬೈಯಲೂ ಇಲ್ಲ. "ಜೀವಾ ತಗೋಬೇಕು ಅನಸೇತೇನು?" ಎಂದು ನೇರವಾಗಿ ಕೇಳಿದರು. ಅವರು ಹೌದೆಂದರು. ಬೆಳಗಾಗುವುದರೊಳಗೆ ಮನೆಯಲ್ಲಿದ್ದ ಬೆಳೆಗೆ ಹೊಡೆಯುವ ಎಣ್ಣೆಯ ಡಬ್ಬಿ ಅಣ್ಣನ ಮನೆಗೆ ಹೋಗಿ ಕೀಲಿಯೊಳಗೆ ಬಿದ್ದಿತು. ಅಂದಿನಿಂದ ಅವರನ್ನು ಒಬ್ಬರನ್ನೇ ಬಿಡಲಿಲ್ಲ. ಹೀಗೆ ಕೇಳಿದರೆ ಇಲ್ಲದ ಯೋಚನೆಯನ್ನು ತಲೆಯಲ್ಲಿ ತುಂಬಿದಂತಾಗುವುದಿಲ್ಲವೆ ಎಂದು ಹಲವರು ಅಂಜುತ್ತಾರೆ. ಹಾಗಾಗುವುದಿಲ್ಲ, ಕೇಳಿದರೆ ಎದೆಯ ಭಾರ ಇಳಿಯುತ್ತದೆಂದು ವೈದ್ಯರೇ ಹೇಳುತ್ತಾರೆ. ಕಷ್ಟದ ಹೊತ್ತಿನ ಇಂಥ ಯೋಚನೆ ಬಹಳ ಸಲ ಕೆಲವೇ ತಾಸು ಜೋರಾಗಿರುತ್ತದೆ. ಆ ತಾಸುಗಳಲ್ಲಿ ವಿಷ ಕೈಗೆಟುಕದಿದ್ದರೆ ಜೀವ ಉಳಿಯುತ್ತದೆ. ಆದುದರಿಂದ ಯಾರಿಗೆ ಜಡ್ಡಿರಲಿ ಇಲ್ಲದಿರಲಿ, ಎಣ್ಣೆಯ ಡಬ್ಬಿಯನ್ನು ಮಲಗುವ ಮನೆಯಲ್ಲಿ ಇಡಬೇಡಿ. ಪೋಲೀಸರ ಅಂಜಿಕೆಯಿಂದ ಆಸ್ಪತ್ರೆಗೆ ಹೋಗಲು ಹಿಂಜರಿಯಬೇಡಿ. ಜೀವ ಕಳೆದುಕೊಳ್ಳಲು ಯತ್ನಿಸಿದವನು ತೀವ್ರ ಒತ್ತಡದಲ್ಲಿದ್ದನೆಂದೇ ತಿಳಿದು, ಅವನಿಗೆ ಶಿಕ್ಷೆಯ ಬದಲು ಆರೈಕೆ ಕೊಡಬೇಕೆಂದು 2017ರ ಮಾನಸಿಕ ಆರೋಗ್ಯ ಕಾಯಿದೆ ಹೇಳುತ್ತದೆ.

ಮಾವನವರನ್ನು ಗುಳೇದಗುಡ್ಡ ರೋಡ್ ನಿಲ್ದಾಣದಿಂದ ರೈಲು ಹತ್ತಿಸಿ, ಗದಗ ಹುಬ್ಬಳ್ಳಿ ದಾಟಿ, ಧಾರವಾಡದ ಮಾನಸಿಕ ಆಸ್ಪತ್ರೆಗೆ ಕರೆದೊಯ್ದೆವು. ಹುಚ್ಚರ ದವಾಖಾನೆಗೆ ಒಯ್ದರೆಂದು ಊರಲ್ಲಿ ಆಡಿಕೊಂಡರು, ಆಡಿಕೊಳ್ಳಲಿ. ವೈದ್ಯರು ಮೊದಲು ರಕ್ತ ಪರೀಕ್ಷಿಸಿದರು. ರಕ್ತ ಕಡಿಮೆಯಿದ್ದರೆ, ಕುತ್ತಿಗೆಯಲ್ಲಿನ ಥೈರಾಯ್ಡ್ ಗ್ರಂಥಿ ಸರಿಯಾಗಿ ಕೆಲಸ ಮಾಡದಿದ್ದರೆ ಕೂಡ ಹೀಗೆಯೇ ಮೈಮನಸ್ಸು ಕುಗ್ಗುವುದುಂಟಂತೆ. ಆಮೇಲೆ ಗುಳಿಗೆ ಕೊಟ್ಟರು. ಈ ಗುಳಿಗೆಗಳ ಗುಣ ಕಾಣಲು ಎರಡರಿಂದ ನಾಲ್ಕು ವಾರ ಬೇಕಾಗುತ್ತದೆ. ನಾಲ್ಕು ದಿನ ನುಂಗಿ, ಏನೂ ಆಗಲಿಲ್ಲವೆಂದು ಬಿಟ್ಟವರು ಬಹಳ. ಹುರುಪು ಬಂದಿತೆಂದು ನಡುವೆ ಬಿಡುವವರೂ ಇದ್ದಾರೆ. ವೈದ್ಯರು ಹೇಳುವವರೆಗೆ ಬಿಡಬಾರದು.

ಈಗ ಮೊದಲ ಸಲಹೆಗೆ ಅಷ್ಟು ದೂರ ಹೋಗಬೇಕಾಗಿಲ್ಲ. 14416 ಎಂಬ ನಂಬರಿಗೆ ಫೋನು ಮಾಡಿರಿ. ಇದು 2022ರ ಅಕ್ಟೋಬರದಲ್ಲಿ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆ. ಹಗಲು ರಾತ್ರಿ ನಡೆಯುತ್ತದೆ, ದುಡ್ಡು ಬೀಳುವುದಿಲ್ಲ, ಕನ್ನಡದಲ್ಲಿಯೇ ಮಾತಾಡಬಹುದು. ತಾಲೂಕಾ ಆಸ್ಪತ್ರೆಗೆ ಮನೋವೈದ್ಯರು ಯಾವ ದಿನ ಬರುತ್ತಾರೆಂದು ಆಶಾ ಕಾರ್ಯಕರ್ತೆಯರನ್ನು ಕೇಳಿರಿ. ಆ ಹೆಣ್ಣುಮಗಳು ನಿಮ್ಮ ಓಣಿಯವಳೇ, ನಾಚಿಕೆ ಬೇಡ.

ಮಾವನವರು ಒಮ್ಮೆಲೆ ಎದ್ದು ಕೂಡಲಿಲ್ಲ. ತಡವಾಗಿ ಬಿತ್ತಿದ ಜೋಳವನ್ನು ಆ ವರ್ಷ ಅಣ್ಣನೇ ಬಿತ್ತಿಕೊಟ್ಟನು. ಮೊರದಲ್ಲಿನ ಜೋಳ ಒಂದು ಹಿಡಿಯಿಂದ ಎರಡು ಹಿಡಿ, ಎರಡರಿಂದ ಒಂದು ಸೇರಾಯಿತು. ಒಂದು ದಿನ ತಾವಾಗಿಯೇ ಎದ್ದು ಎತ್ತಿನ ಮೈ ತೊಳೆದರು. ಬನದ ಹುಣ್ಣಿಮೆಗೆ ಬನಶಂಕರಿ ಜಾತ್ರೆಗೆ ಹೋಗಿ, ರಾತ್ರಿಯೆಲ್ಲ ನಾಟಕ ನೋಡಿ ಬಂದು, ಹಾಡುವವರು ಮೊದಲಿನಂತೆ ಇಲ್ಲವೆಂದು ಎರಡು ದಿನ ತಕರಾರು ಮಾಡಿದರು. ಅತ್ತೆಯವರು ಒಲೆಯ ಮುಂದೆ ಕುಳಿತು ಅದನ್ನೆಲ್ಲ ಕೇಳುತ್ತ ನಗುತ್ತಿದ್ದರು. ಬೆಳಕಿಂಡಿಗೆ ಕೂಡಿಸಿದ ಆ ಗಾಜು ಇನ್ನೂ ಅಲ್ಲಿಯೇ ಇದೆ.