ಗಡ್ಡೆ ಬಾಟಲಿಯಲ್ಲೇ ಕೆಡುತ್ತಿದೆ

ಅಥಣಿ, ಜಮಖಂಡಿ, ಚಿಕ್ಕೋಡಿ, ಜತ್ತ ಕಡೆಯಿಂದ ವೈದ್ಯಮಿತ್ರರು ಸಾಂಗಲಿಯ ವಿಶ್ರಾಮಬಾಗಕ್ಕೆ ಈ ಸಮ್ಮೇಳನಕ್ಕೆಂದು ಬಂದಿದ್ದೀರಿ, ಲ್ಯಾಬ್ ಟೆಕ್ನಿಷಿಯನ್ನರು ಹಿಂದೆ ನಿಂತೇ ಇದ್ದೀರಿ. 1894ರಲ್ಲಿ ಮಿರಜಿನಲ್ಲಿ ಆಸ್ಪತ್ರೆ ತೆರೆದ ವಾನ್‌ಲೆಸ್ ಸಾಹೇಬರನ್ನು ನೆನೆಯುವುದು ಇಲ್ಲಿಯ ವಾಡಿಕೆ, ನೆನೆದೆ. ಇನ್ನು ವಿಷಯಕ್ಕೆ ಬರುತ್ತೇನೆ.

ಜೀವಕೋಶದ ಸಂಕೇತ ಪ್ರೋಟೀನುಗಳ ಬಗ್ಗೆ, ಅವುಗಳಿಗೆ ಗುರಿಯಿಟ್ಟ ಹೊಸ ಔಷಧಗಳ ಬಗ್ಗೆ ಮಾತಾಡುವವರು ಬಹಳ ಜನ ಬಂದಿದ್ದಾರೆ. ನಾನು ಹರ್-2 ಒಂದನ್ನೇ ಹಿಡಿಯುತ್ತೇನೆ. ಕೋಶದ ಹೊರಪೊರೆಯಲ್ಲಿ ನಾಟಿಕೊಂಡ ಈ ಪ್ರೋಟೀನು ಪಕ್ಕದ ಪ್ರೋಟೀನಿನೊಡನೆ ಜೋಡಿಯಾದರೆ ಅದರ ಒಳತುದಿಗೆ ಫಾಸ್ಫೇಟ್ ಅಂಟುತ್ತದೆ. ಅಲ್ಲಿಂದ ಒಂದರ ಹಿಂದೊಂದು ಪ್ರೋಟೀನು ಎಚ್ಚೆತ್ತು, ಎರಡಾಗು ಎಂಬ ಸುದ್ದಿ ಕೋಶಕೇಂದ್ರಕ್ಕೆ ಮುಟ್ಟುತ್ತದೆ. ನೂರು ಸ್ತನ ಕ್ಯಾನ್ಸರುಗಳಲ್ಲಿ ಹದಿನೈದಿಪ್ಪತ್ತರಲ್ಲಿ ಹರ್-2 ಕಿಕ್ಕಿರಿದು, ಒತ್ತಿದ ಕರೆಗಂಟೆ ಸಿಕ್ಕಿಕೊಂಡ ಹಾಗೆ ಆ ಸುದ್ದಿ ನಿಲ್ಲುವುದೇ ಇಲ್ಲ. ಅದನ್ನು ಹೊರಗಿನಿಂದ ಹಿಡಿದು ಅದುಮುವ ಟ್ರಾಸ್ಟುಜುಮ್ಯಾಬ್‌ಗೆ ಅಮೆರಿಕದಲ್ಲಿ 1998ರಲ್ಲಿ ಅನುಮತಿ ಸಿಕ್ಕಿತು. 2014ರಲ್ಲಿ ಬೆಂಗಳೂರಿನ ಬಯೋಕಾನ್ ಅದರದೇ ಅಗ್ಗದ ರೂಪವನ್ನು ಪೇಟೆಗೆ ತಂದಿತು. ರಕ್ತ ಕ್ಯಾನ್ಸರಿನ ಔಷಧ ಗ್ಲಿವೆಕ್‌ನ ಪೇಟೆಂಟಿನ ವ್ಯಾಜ್ಯವೂ 2013ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ರೋಗಿಗಳಿಗೆ ಅನುಕೂಲವಾಗಿಯೇ ಮುಗಿಯಿತು. ಔಷಧದ ಬೆಲೆಗಾಗಿ ಇಷ್ಟು ಹೋರಾಟ ನಡೆಯಿತು. ಆ ಔಷಧ ಯಾರಿಗೆ ಬೇಕೆಂದು ಹೇಳುವ ಮಾಂಸದ ತುಂಡಿನ ಗತಿ ಏನಾಗಿದೆ?

ಮಧ್ಯಾಹ್ನ ತೆಗೆದ ಗಡ್ಡೆ ಸಂಜೆವರೆಗೂ ಆಪರೇಷನ್ ಥಿಯೇಟರಿನ (ಓಟಿ) ಟ್ರೇಯಲ್ಲಿ ಬಿದ್ದಿರುತ್ತದೆ. ಆಮೇಲೆ ಸಲೈನಿಗೆ ಹೋಗುತ್ತದೆ, ಮಾಂಸ ಕೆಡದಂತೆ ಇಡುವ ಫಾರ್ಮಲಿನ್ ಖಾಲಿಯಾಗಿದೆಯಂತೆ. ಸಿಕ್ಕಿದ ಮೇಲೆ ಕಿರುಬಾಯಿಯ ಬಾಟಲಿಗೆ ತುರುಕುತ್ತಾರೆ, ದ್ರವ ಅರ್ಧ ಗಡ್ಡೆಗೂ ಸಾಲುವುದಿಲ್ಲ. ರೋಗಿಯ ಮಗ ಅದನ್ನು ಕೈಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತುತ್ತಾನೆ. ಶನಿವಾರ ತೆಗೆದದ್ದು ಮಂಗಳವಾರ ಪೆಥಾಲಜಿ ಲ್ಯಾಬಿನ ನನ್ನ ಮೇಜಿಗೆ ಬರುತ್ತದೆ. ಮೇಲೆ ಗಟ್ಟಿ, ಕೊಯ್ದರೆ ನಡುವೆ ಕೊಳೆತ ವಾಸನೆ.

ನಿಯಮ ಯಾರಿಗೆ ಗೊತ್ತಿಲ್ಲ? ತೆಗೆದ ಒಂದು ಗಂಟೆಯೊಳಗೆ ತುಂಡು ಫಾರ್ಮಲಿನ್ ಸೇರಬೇಕು. 6ರಿಂದ 72 ಗಂಟೆ ಅದರಲ್ಲಿರಬೇಕು. ದ್ರವ ತುಂಡಿನ ಹತ್ತು ಪಟ್ಟು ಬೇಕು, ದೊಡ್ಡ ಗಡ್ಡೆಯನ್ನು 5 ಮಿ.ಮೀ. ಅಂತರದಲ್ಲಿ ಸೀಳಿಡಬೇಕು. ಬಫರ್ ಇಲ್ಲದ ಫಾರ್ಮಲಿನ್ ಬರಬರುತ್ತ ಆಮ್ಲವಾಗಿ ಡಿಎನ್‌ಎಯನ್ನು ಚಿಂದಿ ಮಾಡುತ್ತದೆ. ಹರ್-2 ಜೀನುಗಳನ್ನು ಎಣಿಸುವ ಫಿಶ್ ಪರೀಕ್ಷೆಯಲ್ಲಿ ಚುಕ್ಕೆಗಳು ಬೆಳಗುವುದಿಲ್ಲ. ತಡವಾದರೆ ಪ್ರೋಟೀನಿಗೆ ಬಣ್ಣ ಹಾಕಿ ನೋಡುವ ಪರೀಕ್ಷೆಯಲ್ಲಿ 3+ ಬರಬೇಕಾದದ್ದು 1+ ಆಗಿ ಕಾಣಬಹುದು. ಫಾಸ್ಫೇಟ್ ಅಂಟಿದ ಪ್ರೋಟೀನುಗಳ ಮಾತು ಬೇಡವೇ ಬೇಡ, ರಕ್ತ ನಿಂತ ಕೆಲವು ನಿಮಿಷಗಳಲ್ಲೇ ಅವುಗಳ ಚಹರೆ ಬದಲಾಗತೊಡಗುತ್ತದೆ. ಎಷ್ಟು ದುಬಾರಿ ಯಂತ್ರ ತಂದರೂ ಕೆಟ್ಟ ತುಂಡು ಸರಿಯಾಗದು. ಕೊನೆಗೆ ‘ಹರ್-2 ಇಲ್ಲ’ ಎಂಬ ಕಾಗದಕ್ಕೆ ಸಹಿ ಹಾಕುವವರು ನಾವು, ಔಷಧ ತಪ್ಪುವುದು ಆ ಹೆಣ್ಣುಮಗಳಿಗೆ.

ಹಿಂದೊಮ್ಮೆ ಇದೇ ಸಭೆಯಲ್ಲಿ ಒಂದು ಚೀಟಿಯ ಠರಾವು ತಂದಿದ್ದೆ. ಗಡ್ಡೆ ತೆಗೆದ ವೇಳೆ, ಫಾರ್ಮಲಿನ್‌ಗೆ ಹಾಕಿದ ವೇಳೆ, ಇವೆರಡೇ ಕಲಮು. ಚಾಕು ಬಿಟ್ಟು ಗಡಿಯಾರ ನೋಡುತ್ತ ಕೂಡಬೇಕೇನು ಎಂದು ಸರ್ಜನ್ನರು ನಕ್ಕರು. ಗುಮಾಸ್ತಿಕೆ ಅಂದರು. ಠರಾವು ಮುಂದಿನ ಸಭೆಗೆ ಹೋಯಿತು, ಅಲ್ಲಿಂದ ಅದರ ಮುಂದಿನದಕ್ಕೆ. ಒಬ್ಬ ಹಿರಿಯ ಸರ್ಜನ್ ಅಂದಿನಿಂದ ನನ್ನೊಡನೆ ಮಾತೇ ಬಿಟ್ಟಿದ್ದಾರೆ. ಇಂದು ಮೊದಲ ಸಾಲಿನಲ್ಲೇ ಕೂತಿದ್ದಾರೆ, ಸಂತೋಷ. ಎದ್ದು ಹೋಗುವುದು ಕಷ್ಟ.

ಅದೇ ಚೀಟಿಯನ್ನು ಮತ್ತೆ ತಂದಿದ್ದೇನೆ, ಕನ್ನಡದಲ್ಲೂ ಮರಾಠಿಯಲ್ಲೂ, ಯಾಕೆಂದರೆ ತುಂಬುವವರು ಓಟಿಯ ಸಿಸ್ಟರುಗಳು. ಬಫರ್ ಫಾರ್ಮಲಿನ್ ಬ್ರಹ್ಮವಿದ್ಯೆಯಲ್ಲ: ಅಂಗಡಿಯ ಫಾರ್ಮಲಿನ್ 100 ಮಿ.ಲೀ., ನೀರು 900 ಮಿ.ಲೀ., ಸೋಡಿಯಂ ಫಾಸ್ಫೇಟ್ ಮೋನೋಬೇಸಿಕ್ 4 ಗ್ರಾಂ, ಡೈಬೇಸಿಕ್ 6.5 ಗ್ರಾಂ. ಒಂದೇ ಕಡೆ ತಯಾರಿಸಿ ಅಗಲ ಬಾಯಿಯ ಡಬ್ಬಿಗಳಲ್ಲಿ ತಾಲೂಕುಗಳಿಗೆ ಹಂಚೋಣ. ರೋಗಿ ಕೇಳಿದ ದಿನವೇ ತುಂಡಿನ ಮೇಣದ ಬ್ಲಾಕ್ ಕೊಡೋಣ.

ಇನ್ನು ಆಸೆಗಳು. ಹರ್-2 ಇದೆಯೋ ಇಲ್ಲವೋ ಖಚಿತವಾಗದೆ 2+ ಬಂದವರಿಗೆಲ್ಲ ಇಲ್ಲೇ ಪುಕ್ಕಟೆ ಫಿಶ್ ಆಗಲಿ, ಅವರು ಗಡಿಯ ಯಾವ ಕಡೆಯವರೇ ಇರಲಿ. 2023ರಲ್ಲಿ ಮಹಾರಾಷ್ಟ್ರ ತನ್ನ ಆರೋಗ್ಯ ಯೋಜನೆಯನ್ನು ಕರ್ನಾಟಕದೊಳಗಿನ 865 ಗಡಿ ಹಳ್ಳಿಗಳಿಗೆ ಚಾಚಿದಾಗ ಕರ್ನಾಟಕ ಸಿಟ್ಟಾಯಿತು. ಅವರವರ ಸಿಟ್ಟು ಅವರಿಗಿರಲಿ, ಒಂದು ಪರೀಕ್ಷೆಗಾದರೂ ಇಬ್ಬರೂ ಕೂಡಿ ದುಡ್ಡು ಹಾಕಲಿ. ಇನ್ನು ನಿಪ್ಪಾಣಿಯಂಥ ತಂಬಾಕಿನ ಸೀಮೆಯ ಬಾಯಿ ಕ್ಯಾನ್ಸರಿಗೆ ಬರುತ್ತೇನೆ. ಟಾಟಾ ಮೆಮೋರಿಯಲ್‌ನವರು ಮೂರು ಅಗ್ಗದ ಔಷಧಗಳ ಜೊತೆ ಕೇವಲ 20 ಮಿ.ಗ್ರಾಂ. ನಿವೊಲುಮ್ಯಾಬ್ ಕೊಟ್ಟು, ತಲೆ-ಕತ್ತಿನ ಕ್ಯಾನ್ಸರ್ ಬಲಿತವರಲ್ಲಿ ವರ್ಷದ ನಂತರ ಬದುಕುಳಿದವರ ಪ್ರಮಾಣವನ್ನು ಶೇ. 16ರಿಂದ ಶೇ. 43ಕ್ಕೆ ಏರಿಸಿದರು. ಅಂಥ ಪ್ರಯೋಗಗಳಿಗೆ ನಮ್ಮ ನಿಪ್ಪಾಣಿಯವರೂ ಸೇರುವಂತಾಗಲಿ.

ಸಾಂಗಲಿಯಂಥ ಅರಿಶಿನದ ಊರಿನಲ್ಲಿ ಇನ್ನೊಂದು ಮಾತು. ಅರಿಶಿನದಲ್ಲಿರುವ ಕರ್ಕ್ಯುಮಿನ್ ಗಾಜಿನ ತಟ್ಟೆಯಲ್ಲಿ ಹತ್ತಾರು ಸಂಕೇತ ಪ್ರೋಟೀನುಗಳನ್ನು ತಡೆದಂತೆ ಕಾಣುತ್ತದೆ. ನುಂಗಿದರೆ ರಕ್ತಕ್ಕೆ ಸೇರುವುದು ತೀರ ಅಲ್ಪ. ಹೊರಗೆ ಅದರ ಕ್ಯಾಪ್ಸೂಲಿನ ಮಳಿಗೆ ಇದೆ. ಪ್ರಾಯೋಜಕರಿಗೆ ಬೇಸರವಾದರೆ ಆಗಲಿ.

ಠರಾವಿನ ಪ್ರತಿಗಳು ಊಟದ ಕೂಪನ್ನಿನ ಮೇಜಿನ ಮೇಲಿವೆ. ಸರ್ಜನ್ ಮಿತ್ರರು ಮೊದಲು ಸಹಿ ಮಾಡಲಿ, ಆಮೇಲೆ ಕೂಪನ್ ಕೊಡಿ ಎಂದು ಅಲ್ಲಿಯ ಹುಡುಗರಿಗೆ ಹೇಳಿದ್ದೇನೆ.