ಅವ್ವನ ಆಯುಧಪಟ್ಟಿ

ನಮ್ಮ ಮನೆಯಲ್ಲಿ ಒಂದು ಹಳೆಯ ಲೆಕ್ಕದ ಪುಸ್ತಕವಿದೆ. ಮುಂದಿನ ಪುಟಗಳಲ್ಲಿ ಜೋಳ, ಸಜ್ಜೆ, ಶೇಂಗಾಗಳ ಲೆಕ್ಕ. ಪುಸ್ತಕವನ್ನು ತಿರುಗಿಸಿ ಹಿಂದಿನಿಂದ ತೆರೆದರೆ ಬಂದೂಕುಗಳ ಲೆಕ್ಕ. ಬರೆದವಳು ನನ್ನ ತಾಯಿ. ಆಕೆ ತನ್ನ ಜೀವಮಾನದಲ್ಲಿ ಒಂದು ಸಲವೂ ಬಂದೂಕು ಹಾರಿಸಿದವಳಲ್ಲ. ಆದರೂ ಮನೆಯಲ್ಲಿ ಆಯುಧವಿಟ್ಟುಕೊಂಡವರು ಅದರ ಪಟ್ಟಿಯನ್ನು ಏಕೆ ಇಡಬೇಕೆಂಬುದನ್ನು ನಾನು ಕಲಿತದ್ದು ಆಕೆಯಿಂದ. ಶ್ರೋತೃಗಳೆ, ಈ ಹೊತ್ತು ನಾನು ಹೇಳಹೊರಟಿರುವುದು ಆ ಪಟ್ಟಿಯ ಕಥೆಯನ್ನು.

ನಮ್ಮದು ಯಲಬುರ್ಗಾ ಸೀಮೆಯ ಒಂದು ಹಳ್ಳಿ. ಈ ನಾಡಿನಲ್ಲಿ ಆಯುಧಗಳನ್ನು ಬರೆದಿಡುವುದೆಂದರೆ ಜನಕ್ಕೆ ಹಿಂದಿನಿಂದಲೂ ಅಳುಕು. ಅದಕ್ಕೆ ಕಾರಣವೂ ಉಂಟು. 1857ರಲ್ಲಿ ಇಂಗ್ಲಿಷರ ಸರಕಾರವು ಜನರು ತಮ್ಮ ಹತ್ಯಾರುಗಳನ್ನು ತಂದು ನೋಂದಾಯಿಸಬೇಕೆಂದು ಕಾಯಿದೆ ಮಾಡಿತು. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಒಪ್ಪಲಿಲ್ಲ. ಆ ವರ್ಷದ ನವೆಂಬರದಲ್ಲಿ ಊರೇ ಸುಟ್ಟುಹೋಯಿತು. ಮರುವರ್ಷ ಮುಂಡರಗಿಯ ಭೀಮರಾಯನು ಹಮ್ಮಿಗೆಯ ಕೆಂಚನಗೌಡನೊಡನೆ ಬಂಡೆದ್ದು ನಮ್ಮ ಕೊಪ್ಪಳದ ಕೋಟೆಯನ್ನು ಹಿಡಿದು, ಅಲ್ಲಿಯೇ ಹೋರಾಡಿ ಮಡಿದನು. ಅಲ್ಲಿಂದ ತೊಂಬತ್ತು ವರ್ಷಗಳ ಅನಂತರ, 1947-48ರಲ್ಲಿ, ನಿಜಾಮನ ಆಳ್ವಿಕೆಯ ಕೊನೆಗಾಲದಲ್ಲಿ, ಗಡಿಯಾಚೆಯ ಮುಂಡರಗಿಯಲ್ಲಿ ಅಳವಂಡಿಯ ಶಿವಮೂರ್ತಿಸ್ವಾಮಿಗಳು ಶಿಬಿರ ಕಟ್ಟಿ ರಜಾಕಾರರನ್ನು ಎದುರಿಸಿದರು. ಅಂಥ ದಿನಗಳಲ್ಲಿ ಬಂದೂಕನ್ನು ಬಣವೆಯೊಳಗೆ ಹುದುಗಿಸುವುದು ಜಾಣತನವಾಗಿತ್ತು. ಕಾಗದದ ಮೇಲೆ ಬರೆಯುವುದು ಹುಂಬತನ. ನನ್ನ ತಂದೆಯವರು ಆ ಕಾಲದಲ್ಲಿ ಬೆಳೆದವರು. ಪರವಾನಗಿಯ ಪುಸ್ತಕವಿದೆ, ಅದಕ್ಕಿಂತ ಹೆಚ್ಚು ಬರೆಯುವುದು ಬೇಡ ಎಂಬುದು ಅವರ ಮತ.

ಅವ್ವನ ತವರು ಗದಗಿನ ಕಡೆಯದು. ನಾಲ್ಕನೆಯ ಇಯತ್ತೆಯವರೆಗೆ ಓದಿದ್ದಳು. ದಸರೆಯ ಖಂಡೇಪೂಜೆಯ ಹಿಂದಿನ ರಾತ್ರಿ ಅಪ್ಪ ಪೆಟ್ಟಿಗೆಯ ಬೀಗ ತೆಗೆದು ಬಂದೂಕುಗಳನ್ನು ಒರೆಸಿ ಸಾಲಾಗಿ ಇಡುವರು. ಆಗ ಮನೆಯಲ್ಲಿದ್ದವು ಎರಡು: ಅಜ್ಜನ ಕಾಲದ, ಬಾಯಿಂದ ಮದ್ದು ತುಂಬುವ ಬಂದೂಕು ಒಂದು, ಹೊಲಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸಲು ತಂದ ಒಂಟಿನಳಿಗೆಯದು ಇನ್ನೊಂದು. ಅವ್ವ ಚಿಮಣಿಯನ್ನು ಹತ್ತಿರಕ್ಕೆ ಎಳೆದುಕೊಂಡು ಕುಳಿತು, ಬಂದೂಕುಗಳನ್ನೂ ತೋಟಾಗಳನ್ನೂ ಎಣಿಸಿ ತಾರೀಖು ಹಾಕಿ ಬರೆದುಕೊಳ್ಳುವಳು. ಅಪ್ಪ ನಗುತ್ತಿದ್ದರು.

1966ರ ದಸರೆಯಲ್ಲಿ ಅವರ ನಗೆ ನಿಂತಿತು. ಹಿಂದಿನ ವರ್ಷ ಹದಿನೆಂಟು ತೋಟಾಗಳಿದ್ದವು. ವರ್ಷದಲ್ಲಿ ಖರ್ಚಾದವು ನಾಲ್ಕೆಂದು ಅಪ್ಪನೇ ಹೇಳಿ ಬರೆಯಿಸಿದ್ದರು. ಹದಿನಾಲ್ಕು ಇರಬೇಕಿತ್ತು, ಇದ್ದವು ಹದಿಮೂರು. "ನಿನ್ನ ಲೆಕ್ಕ ತಪ್ಪಿರಬೇಕು ಬಿಡು" ಎಂದರು ಅಪ್ಪ. ಅವ್ವ ಬಿಡಲಿಲ್ಲ. "ಕಾಳಿನ ಲೆಕ್ಕ ತಪ್ಪಿದ್ರ ಒಂದ್ ಹೊತ್ತು ಉಪಾಸ ಇರಬಹುದು. ಇದರ ಲೆಕ್ಕ ತಪ್ಪಿದ್ರ ನಾ ನಿದ್ದಿ ಮಾಡೂದಿಲ್ಲ" ಎಂದು ಮನೆಯನ್ನೆಲ್ಲ ಹುಡುಕಲು ತೊಡಗಿದಳು.

ತೋಟಾವನ್ನು ಕದ್ದವನು ನಾನು. ಆಗ ನನಗೆ ಒಂಬತ್ತು ವರ್ಷ. ಸಂಜೆ ಅಪ್ಪ ಬಂದೂಕು ಒರೆಸುತ್ತಿದ್ದಾಗ, ಅದರ ಹಿತ್ತಾಳೆಯ ಹೊಳಪಿಗೆ ಮರುಳಾಗಿ ಒಂದನ್ನು ಚಡ್ಡಿಯ ಕಿಸೆಗೆ ಸೇರಿಸಿದ್ದೆ. ಯಾರಾದರೂ ಕಂಡಾರೆಂದು ಹೆದರಿ ಅಡಿಗೆಮನೆಯ ಕಟ್ಟಿಗೆಯ ರಾಶಿಯೊಳಗೆ ಸಿಕ್ಕಿಸಿ ಬಂದಿದ್ದೆ. ನಸುಕಿನಲ್ಲಿ ಎದ್ದು, ಬೆಳಕಿಲ್ಲದೆ, ಆ ರಾಶಿಯಿಂದ ಕಟ್ಟಿಗೆ ಹಿರಿದು ಒಲೆಗೆ ಒಡ್ಡುತ್ತಿದ್ದವಳು ಅವ್ವ. ನನಗೆ ಅದು ಹೊಳೆದಿರಲಿಲ್ಲ. ಆಕೆ ಹುಡುಕುತ್ತ ಹುಡುಕುತ್ತ ಅಡಿಗೆಮನೆಗೆ ಬಂದಾಗ ನಾನು ಅಳುತ್ತ ಒಪ್ಪಿಕೊಂಡೆ. ಅವ್ವ ಹೊಡೆಯಲಿಲ್ಲ, ಬೈಯಲಿಲ್ಲ. ತೋಟಾವನ್ನು ತೆಗೆದುಕೊಂಡು ಹೋಗಿ ಅಪ್ಪನ ಮುಂದಿಟ್ಟು, ಪುಸ್ತಕದಲ್ಲಿ ಹದಿನಾಲ್ಕು ಎಂದು ಬರೆದಳು. ಮರುದಿನದಿಂದ ಪೆಟ್ಟಿಗೆಯ ಬೀಗದ ಕೈ ಆಕೆಯ ಸೆರಗಿನ ತುದಿಗೆ ಬಂತು. ತೋಟಾಗಳು ಬೇರೆ ಪೆಟ್ಟಿಗೆಗೆ ಹೋದವು.

1971ರಲ್ಲಿ ಅಪ್ಪ ಒಂದು ಜೋಡುನಳಿಗೆಯ ಬಂದೂಕನ್ನು ಕೊಂಡರು. ಅವ್ವ ಅಂಗಡಿಯ ರಸೀದಿಯನ್ನು ತನ್ನ ಪುಸ್ತಕಕ್ಕೆ ಅಂಟಿಸಿದಳು. ಆ ರಸೀದಿ ನೆರವಿಗೆ ಬಂದದ್ದು ನಲವತ್ತೈದು ವರ್ಷಗಳ ಅನಂತರ. 2016ರಲ್ಲಿ ತಂದೆಯವರು ತೀರಿಕೊಂಡರು. ಪರವಾನಗಿಯು ವ್ಯಕ್ತಿಗೆ ಕೊಟ್ಟದ್ದು, ಮನೆತನಕ್ಕಲ್ಲ. ಆತ ತೀರಿಕೊಂಡಾಗ ಬಂದೂಕನ್ನು ವಿಳಂಬವಿಲ್ಲದೆ ಠಾಣೆಯಲ್ಲಿಯೋ ಪರವಾನಗಿಯುಳ್ಳ ವ್ಯಾಪಾರಿಯಲ್ಲಿಯೋ ಒಪ್ಪಿಸಬೇಕೆಂದು 1959ರ ಆಯುಧ ಕಾಯಿದೆ ಹೇಳುತ್ತದೆ. ಮೂರನ್ನೂ ಒಯ್ದೆವು. ಜೋಡುನಳಿಗೆಯ ಮೇಲೆ ಕೆತ್ತಿದ ಸಂಖ್ಯೆಗೂ ಪರವಾನಗಿಯ ಪುಸ್ತಕದಲ್ಲಿದ್ದ ಸಂಖ್ಯೆಗೂ ಒಂದು ಅಂಕಿಯ ವ್ಯತ್ಯಾಸ! ಯಾವ ಕಾಲದಲ್ಲಿ, ಯಾರ ಕೈಯಲ್ಲಿ, ನಕಲು ಮಾಡುವಾಗ ಮೂರು ಎಂಟಾಗಿತ್ತೋ ತಿಳಿಯದು. ಕಾಗದದ ಬಂದೂಕು ಎಲ್ಲಿ, ಕೈಯಲ್ಲಿರುವ ಬಂದೂಕು ಯಾರದು ಎಂದು ಕೇಳಿದರೆ ಉತ್ತರ ಹೇಳಬೇಕಾದವರು ಮಣ್ಣಾಗಿದ್ದರು. ಅವ್ವನೂ ಆಗ ಇರಲಿಲ್ಲ. ಆದರೆ ಆಕೆಯ ಪುಸ್ತಕವಿತ್ತು. ರಸೀದಿಯ ಸಂಖ್ಯೆ ಬಂದೂಕಿನ ಸಂಖ್ಯೆಯೊಡನೆ ಅಂಕಿ ಅಂಕಿಯೂ ಕೂಡಿತು.

ಆ ಮೇಲೆ ನಾನು ಹೊಸ ಪುಸ್ತಕವೊಂದನ್ನು ಹಾಕಿದೆ. ಒಂದೊಂದು ಬಂದೂಕಿಗೆ ಒಂದೊಂದು ಪುಟ. ಯಾವ ಜಾತಿಯದು, ತಯಾರಿಸಿದವರ ಹೆಸರೇನು, ಬೋರ್ ಎಷ್ಟು, ನಳಿಗೆಯ ಉದ್ದವೆಷ್ಟು, ಕೆತ್ತಿದ ಸಂಖ್ಯೆ ಯಾವುದು—ಇದನ್ನು ಹಗಲು ಬೆಳಕಿನಲ್ಲಿ ಇಬ್ಬರು ಬೇರೆ ಬೇರೆಯಾಗಿ ಓದಿ ತಾಳೆ ನೋಡಬೇಕು. ಹಿಡಿಯ ಮರದಲ್ಲಿ ಬಿರುಕಿದ್ದರೆ ಅದೂ ಗುರುತೇ. ಯಾರಿಂದ ಬಂತು, ಯಾವಾಗ ಬಂತು. ಪರವಾನಗಿಯ ಸಂಖ್ಯೆ, ಅದರ ಅವಧಿ ಮುಗಿಯುವ ದಿನ. ಚುನಾವಣೆಯ ಕಾಲದಲ್ಲಿ ಠಾಣೆಗೆ ಒಪ್ಪಿಸಿದ ದಿನ, ಮರಳಿ ತಂದ ದಿನ. ರಸೀದಿಗಳು, ಎರಡು ಭಾವಚಿತ್ರಗಳು. ತೋಟಾಗಳ ಜಮೆ-ಖರ್ಚು ಬೇರೆಯೇ ಪುಟದಲ್ಲಿ. ಪುಸ್ತಕವನ್ನು ಬಂದೂಕಿನ ಪೆಟ್ಟಿಗೆಯಲ್ಲಿ ಇಡಬಾರದು. ಕಳ್ಳನು ಎರಡನ್ನೂ ಒಟ್ಟಿಗೆ ಒಯ್ದಾನು. ಒಂದು ನಕಲು ನಂಬಿಗಸ್ತರ ಬಳಿಯಿರಲಿ. ಕಂಡಕಂಡವರಿಗೆ ತೋರಿಸುವುದೂ ಮೊಬೈಲಿನಲ್ಲಿ ಹಂಚುವುದೂ ಬೇಡ. ಮನೆಯಲ್ಲಿ ಏನಿದೆಯೆಂದು ನಾವೇ ಡಂಗುರ ಹೊಡೆದಂತಾದೀತು.

ಇಷ್ಟನ್ನು ಬರೆದ ಬಳಿಕ ಪ್ರತಿ ಪುಟದ ಅಡಿಯಲ್ಲಿ ಇನ್ನೊಂದು ಸಾಲಿಗೆ ಜಾಗ ಬಿಟ್ಟೆ: "ಇದು ಏಕೆ ಇದೆ?" ಈ ಸಾಲು ನನ್ನನ್ನು ಬಹಳ ಕಾಡಿತು. ಬೆಳೆಗಾವಲಿಗೆಂದು ಬರೆಯೋಣವೆಂದರೆ ನಮ್ಮ ಹೊಲವನ್ನು ಪಾಲಿಗೆ ಕೊಟ್ಟು ವರ್ಷಗಳಾಗಿದ್ದವು. ಒಂಟಿನಳಿಗೆಯು 1983ರಿಂದ ಮನೆಯ ಹೊಸಿಲು ದಾಟಿ ಹೊಲಕ್ಕೆ ಹೋದದ್ದೇ ಇಲ್ಲವೆಂದು ಅವ್ವನ ಪುಸ್ತಕ ಹೇಳುತ್ತಿತ್ತು. 2019ರ ತಿದ್ದುಪಡಿಯು ಒಬ್ಬರು ಇಟ್ಟುಕೊಳ್ಳಬಹುದಾದ ಬಂದೂಕುಗಳನ್ನು ಮೂರರಿಂದ ಎರಡಕ್ಕೆ ಇಳಿಸಿದಾಗ ಯಾವುದನ್ನು ಬಿಡಬೇಕೆಂಬ ಚಿಂತೆ ನನಗಾಗಲಿಲ್ಲ. ಒಂಟಿನಳಿಗೆಯನ್ನು ಒಪ್ಪಿಸಿ ಬಂದೆ. ಎರಡು ವರ್ಷಗಳ ಮೇಲೆ ಜೋಡುನಳಿಗೆಯನ್ನೂ ಬಿಟ್ಟುಕೊಟ್ಟೆ. ಅಜ್ಜನ ಬಂದೂಕು ಮಾತ್ರ ಉಳಿದಿದೆ; ಅದರ ಪುಟದ ಕೊನೆಯ ಸಾಲಿನಲ್ಲಿ "ನೆನಪಿಗಾಗಿ" ಎಂದು ಬರೆದಿದ್ದೇನೆ. ಅದು ಸಾಕಾದ ಉತ್ತರವೇ ಎಂದು ಪ್ರತಿ ವರ್ಷವೂ ಕೇಳಿಕೊಳ್ಳುತ್ತೇನೆ.

ಹಲಗಲಿಯ ಜನರು ಹತ್ಯಾರು ಬರೆಸಲು ಒಪ್ಪದಿದ್ದುದನ್ನು ನಾನು ತಪ್ಪೆನ್ನಲಾರೆ. ಅಲ್ಲಿ ಬರೆಯುವ ಕೈ ಪರರದು, ಬರೆದದ್ದು ಕಸಿದುಕೊಳ್ಳುವುದಕ್ಕಾಗಿ. ಅವ್ವ ಬರೆದದ್ದು ತನ್ನ ಮನೆಯ ಮಕ್ಕಳಿಗಾಗಿ. ನಮ್ಮ ತಂದೆಯವರು ಈ ಎರಡನ್ನೂ ಒಂದೇ ಎಂದು ತಿಳಿದಿದ್ದರು. ಆ ಕಾಲವನ್ನು ಕಂಡವರು ಹಾಗೆ ತಿಳಿದದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಆಯುಧವನ್ನಿಟ್ಟುಕೊಂಡ ಮನೆಯು ತನ್ನ ಲೆಕ್ಕವನ್ನು ತಾನೇ ಕೇಳಿಕೊಳ್ಳದಿದ್ದರೆ ಆ ಲೆಕ್ಕವನ್ನು ಕೇಳಲು ಅಪಘಾತವೇ ಬರಬೇಕಾಗುತ್ತದೆ.

ಈಗಲೂ ಖಂಡೇಪೂಜೆಯ ಹಿಂದಿನ ರಾತ್ರಿ ನಾವು ಪೆಟ್ಟಿಗೆ ತೆರೆಯುತ್ತೇವೆ. ಬಂದೂಕಿನ ಪಕ್ಕದಲ್ಲಿ ಅವ್ವನ ಪುಸ್ತಕವನ್ನೂ ಇಟ್ಟು ಕುಂಕುಮ ಹಚ್ಚುತ್ತೇವೆ. ಮೊಮ್ಮಗಳು ಸಂಖ್ಯೆಯನ್ನು ಗಟ್ಟಿಯಾಗಿ ಓದುತ್ತಾಳೆ, ನಾನು ನಳಿಗೆಯ ಮೇಲೆ ನೋಡಿ ಹೂಂಗುಡುತ್ತೇನೆ. ಎರಡೂ ಕೂಡಿದವೆಂದರೆ ತಾರೀಖು ಹಾಕಿ, ಬೀಗ ಹಾಕಿ, ಊಟಕ್ಕೆ ಏಳುತ್ತೇವೆ.