ಕ್ಯಾಮೆರಾ ಕಲಿತ ಮೇಲೆ ನೋಡಲು ಕಲಿಯುವುದು



ಕಳೆದ ವರ್ಷ ನಾನು ಇಲ್ಲೇ ಹೈದರಾಬಾದಿನಲ್ಲಿ ಫೋಟೋಗ್ರಫಿ ತರಗತಿಗೆ ಸೇರಿದಾಗ, "ಈಗ ಮೊಬೈಲಿನಲ್ಲೇ ಎಲ್ಲ ಬರುತ್ತಲ್ಲ, ಇನ್ನೇನು ಕಲೀತೀರಿ?" ಎಂದು ನಿಮ್ಮಲ್ಲಿ ಹಲವರು ಕೇಳಿದ್ದಿರಿ. ಅದಕ್ಕೆ ಉತ್ತರ ಹೇಳಲು ಇವತ್ತು ಅವಕಾಶ ಸಿಕ್ಕಿದೆ.

ಮೊದಲ ಮೂರು ತಿಂಗಳು ಕಲಿತದ್ದೆಲ್ಲ ಲೆಕ್ಕ. ಅಪರ್ಚರ್ ಎಂದರೆ ಬೆಳಕು ಒಳಬರುವ ಕಿಂಡಿ. ಶಟರ್ ಎಂದರೆ ಆ ಬೆಳಕನ್ನು ಎಷ್ಟು ಹೊತ್ತು ಬಿಡುತ್ತೇವೆ ಎಂಬುದು. ಒಂದನ್ನು ಹೆಚ್ಚಿಸಿದರೆ ಇನ್ನೊಂದನ್ನು ತಗ್ಗಿಸಬೇಕು. ಚಾರ್‌ಮಿನಾರ್, ಗೋಲ್ಕೊಂಡ, ಲಾಡ್ ಬಜಾರಿನ ಬಳೆ ಅಂಗಡಿ ಎಲ್ಲ ತೆಗೆದೆ. ಎಲ್ಲವೂ ಸ್ಪಷ್ಟವಾಗಿ ಬಂದವು. ಆದರೆ ತರಗತಿಯವರೆಲ್ಲರ ಚಿತ್ರಗಳನ್ನು ಪಕ್ಕಪಕ್ಕ ಇಟ್ಟರೆ ಯಾವುದು ಯಾರದೆಂದು ಗೊತ್ತಾಗುತ್ತಿರಲಿಲ್ಲ. ಚಿಕ್ಕಂದಿನಲ್ಲಿ ಚುಕ್ಕಿ ಇಟ್ಟು ದಿನಕ್ಕೊಂದು ಹೊಸ ರಂಗೋಲಿ ಕಟ್ಟುತ್ತಿದ್ದ ಆ ಹುಡುಗಿ ಎಲ್ಲಿ ಹೋದಳು ಅನ್ನಿಸುತ್ತಿತ್ತು.

ಒಂದು ಬೆಳಿಗ್ಗೆ ಅಮ್ಮ ಕಿಟಕಿಯ ಹತ್ತಿರ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದರು. ಎರಡು ವರ್ಷದಿಂದ ಅವರ ಕೈ ನಡುಗುತ್ತದೆ. ಸೆಕೆಂಡಿನ 250ನೇ ಒಂದು ಭಾಗದಲ್ಲಿ ತೆಗೆದಾಗ ಕೈ ಕಲ್ಲಿನ ಹಾಗೆ ನಿಂತಿತ್ತು. ಚಿತ್ರ ಸರಿಯಾಗಿಯೇ ಇತ್ತು, ಆದರೆ ಅದು ಅಮ್ಮನ ಕೈಯಾಗಿರಲಿಲ್ಲ. ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು, ಕಿಂಡಿ ಕಿರಿದು ಮಾಡಿ, 8ನೇ ಒಂದು ಭಾಗಕ್ಕೆ ಇಳಿಸಿದೆ. ಮೊರ, ಅಕ್ಕಿಕಾಳು ಸ್ಪಷ್ಟವಾಗಿ ಬಂದವು. ಕೈ ಮಾತ್ರ ತುಸು ಮಸುಕಾಗಿ, ಜೀವಂತವಾಗಿ ಬಂತು. ಅಮ್ಮ ಬಹಳ ಹೊತ್ತು ನೋಡಿ, "ಹೂಂ, ಇದು ನನ್ನ ಕೈ. ಇನ್ನೂ ಕೆಲಸ ಮಾಡ್ತಿದೆ ನೋಡು" ಅಂದರು. ಏನು ತೋರಿಸಬೇಕು ಎಂದು ಮನಸ್ಸು ನಿರ್ಧರಿಸಿದ ಮೇಲೆಯೇ ಮೂರು ತಿಂಗಳ ಲೆಕ್ಕ ಕೆಲಸಕ್ಕೆ ಬಂತು.

ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರನ್ನು ನೆನೆಯಿರಿ. ಬೆಂಗಳೂರಿನಲ್ಲಿ ಛಾಯಾಗ್ರಹಣದ ತಾಂತ್ರಿಕ ಶಿಕ್ಷಣ ಪಡೆದವರು, ಪಿಟೀಲನ್ನೂ ನುಡಿಸುತ್ತಿದ್ದವರು. 1959ರ 'ಕಾಗಜ್ ಕೆ ಫೂಲ್' ಚಿತ್ರದಲ್ಲಿ ದೊಡ್ಡ ಕನ್ನಡಿಗಳಿಂದ ಬಿಸಿಲನ್ನೇ ಸ್ಟುಡಿಯೋದೊಳಗೆ ತಿರುಗಿಸಿ ಬೆಳಕಿನ ಕಂಬ ನಿಲ್ಲಿಸಿದರು. ತ್ರಿವೇಣಿಯವರ ಕಾದಂಬರಿ ಆಧರಿಸಿದ 'ಹೂವು ಹಣ್ಣು' ಚಿತ್ರಕ್ಕೂ ಅವರದೇ ಛಾಯಾಗ್ರಹಣ.

ನಮ್ಮ ಈ ಊರಿನದೂ ಒಂದು ಕಥೆಯಿದೆ. ಆರನೇ ನಿಜಾಮರ ಆಸ್ಥಾನ ಛಾಯಾಗ್ರಾಹಕ ರಾಜಾ ದೀನದಯಾಳ್ ಓದಿದ್ದು ರೂರ್ಕಿಯಲ್ಲಿ ಎಂಜಿನಿಯರಿಂಗ್. ನಕ್ಷೆ ಬರೆದು ಪಳಗಿದ ಕಣ್ಣು ಅವರದು. 1892ರಲ್ಲಿ ಅವರು ಹೈದರಾಬಾದಿನಲ್ಲಿ ಹೆಂಗಸರಿಗೆಂದೇ ಜನಾನಾ ಸ್ಟುಡಿಯೋ ತೆರೆದು, ಅದನ್ನು ಒಬ್ಬ ಮಹಿಳೆಯ ಕೈಗೇ ಒಪ್ಪಿಸಿದರು. ಪರದೆಯೊಳಗಿನ ಹೆಂಗಸರು ಅಲ್ಲಿ ಅಳುಕಿಲ್ಲದೆ ಕ್ಯಾಮೆರಾದ ಮುಂದೆ ಕೂರಬಹುದಿತ್ತು. ತೆಗೆಯುವವರು ಯಾರು ಎಂಬುದೂ ಚಿತ್ರದ ಭಾಗವೇ ಅಲ್ಲವೇ?

ಗೆಳತಿಯರೇ, ನಮ್ಮ ಮನೆಯ ಹಿರಿಯರ ಕೈ, ಅಡುಗೆಮನೆಯ ಬೆಳಕು, ನಾವು ಊರಿಂದ ತಂದ ಒರಳು ಇವನ್ನೆಲ್ಲ ನಮ್ಮಷ್ಟು ಹತ್ತಿರದಿಂದ ನೋಡಿದವರು ಬೇರೆ ಯಾರಿದ್ದಾರೆ? ತಂತ್ರವನ್ನು ಧೈರ್ಯವಾಗಿ ಕಲಿಯಿರಿ, ಅದು ಕಷ್ಟವಲ್ಲ. ಆದರೆ ಕ್ಯಾಮೆರಾದ ಗುಂಡಿ ಒತ್ತುವ ಮುನ್ನ ಒಂದು ಕ್ಷಣ ತಡೆದು, "ಇದರಲ್ಲಿ ನಾನು ಕಂಡದ್ದೇನು?" ಎಂದು ಕೇಳಿಕೊಳ್ಳಿ. ಮುಂದಿನ ಸಭೆಗೆ ಪ್ರತಿಯೊಬ್ಬರೂ ಅಂಥ ಒಂದೇ ಒಂದು ಚಿತ್ರ ತನ್ನಿ, ಕೂತು ನೋಡೋಣ.